ನೊಗ ಮುರಿದಲ್ಲಿ ಗುಡಿ, ದಿಬ್ಬದ ಮೇಲೆ ಕೋಟೆ

(ಚಿತ್ರದುರ್ಗದ ಓದುಗ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಏಳು ಸುತ್ತಿನ ಕೋಟೆಯ ಬುಡದಲ್ಲಿ ಹುಟ್ಟಿ ಬೆಳೆದವರ ಮುಂದೆ ನಿಂತು ಬೇರೆ ದೇಶದ ಕೋಟೆಗಳ ಕಥೆ ಹೇಳಲು ಹೊರಟಿದ್ದೇನೆ. ಗಾತ್ರದ ಮಾತನ್ನು ಮೊದಲೇ ಮುಗಿಸಿಬಿಡೋಣ. ನಾನು ಈ ಹೊತ್ತು ಹೆಸರಿಸುವ ಯಾವ ಕೋಟೆಯೂ ನಮ್ಮ ದುರ್ಗದ ಒಂದು ಮೂಲೆಗೆ ಸಮವಲ್ಲ. ಕೆಲವು ಬರೀ ಮಣ್ಣಿನ ದಿಬ್ಬಗಳು, ಮೇಲೆ ಕುರಿ ಮೇಯುತ್ತಿರುತ್ತವೆ. ಆದರೂ ಹದಿನಾರು ವರ್ಷಗಳಿಂದ, ವರ್ಷಕ್ಕೆ ನಾಲ್ಕೈದು ಸಲವಾದರೂ, ಕಾರು ತೆಗೆದುಕೊಂಡು ಆ ಹಳ್ಳಿಗಳ ಕಡೆ ಹೋಗುತ್ತೇನೆ. ಒಂದು ಸಲ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಈವತ್ತು ಹೇಳುವುದರಲ್ಲಿ ಅರ್ಧ ನಾನು ನೋಡಿದ್ದು, ಅರ್ಧ ಅಮ್ಮ ತೋರಿಸಿದ್ದು.

ಜಾಗ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಗಡಿ. ಇಂಗ್ಲೆಂಡಿನ ಕಡೆ ಹೆರಿಫರ್ಡ್‌ಶೈರ್, ವೇಲ್ಸಿನ ಕಡೆ ಮನ್‌ಮತ್‌ಶೈರ್, ಇವೆರಡರ ಬೆನ್ನಿಗೆ ಬ್ಲ್ಯಾಕ್ ಮೌಂಟನ್ಸ್ ಎಂಬ ಬೆಟ್ಟಸಾಲು. ನಾನು ಬ್ರಿಸ್ಟಲ್‌ನಲ್ಲಿ ಸೇತುವೆಗಳ ದುರಸ್ತಿ ಕೆಲಸ ಮಾಡುವ ಸಿವಿಲ್ ಎಂಜಿನಿಯರ್. ಸೆವರ್ನ್ ನದಿಯ ದೊಡ್ಡ ಸೇತುವೆ ದಾಟಿ ಒಂದು ಗಂಟೆ ಓಡಿಸಿದರೆ ಈ ಸೀಮೆ. ಹೆದ್ದಾರಿ ಬಿಟ್ಟ ಮೇಲೆ ರಸ್ತೆ ಒಂದೇ ಕಾರಿನಗಲ. ಎರಡೂ ಕಡೆ ಆಳೆತ್ತರದ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರೋ ಒಬ್ಬರು ಹಿಂದಕ್ಕೆ ಹೋಗಬೇಕು. ದಾರಿ ಬಿಟ್ಟವರಿಗೆ ಸ್ಟೀರಿಂಗ್ ಮೇಲಿಂದಲೇ ಒಂದು ಬೆರಳೆತ್ತಿ ವಂದಿಸುವುದು ಅಲ್ಲಿಯ ರೂಢಿ. ವಾಹನ ಎಡಗಡೆಯಲ್ಲೇ ಓಡಿಸುವುದು, ನಮ್ಮ ಹಾಗೆ. ಪ್ರವಾಸಕ್ಕೆ ಹೋದವರು ನಮ್ಮ ಭಾರತದ ಲೈಸೆನ್ಸ್ ಮೇಲೆಯೇ 12 ತಿಂಗಳವರೆಗೆ ಕಾರು ಓಡಿಸಬಹುದು. ಹಾಗಾಗಿ ಇದು ನಿಮ್ಮಲ್ಲಿ ಕೆಲವರಾದರೂ ಮಾಡಬಹುದಾದ ಪ್ರಯಾಣ. ಮಕ್ಕಳನ್ನು ನೋಡಲು ಲಂಡನ್ನಿಗೋ ಬರ್ಮಿಂಗ್‌ಹ್ಯಾಮಿಗೋ ಹೋದವರು ಮೂರು ದಿನ ಎತ್ತಿಟ್ಟುಕೊಂಡರೆ ಸಾಕು.

ನಾನು ಕೇಳಿಕೊಳ್ಳುವುದು ಇಷ್ಟೇ. ಕೋಟೆಯನ್ನು ಒಂದು ಪಟ್ಟಿಯಲ್ಲಿ, ಚರ್ಚನ್ನು ಇನ್ನೊಂದು ಪಟ್ಟಿಯಲ್ಲಿ ಬರೆದುಕೊಂಡು ಹೋಗಬೇಡಿ. ಎರಡನ್ನೂ ಒಂದೇ ನೋಟಕ್ಕೆ ನೋಡಿ. ಬಹಳ ಕಡೆ ಒಬ್ಬನೇ ಒಡೆಯ ಎರಡನ್ನೂ ಕಟ್ಟಿಸಿದ್ದಾನೆ. ಕಲ್ಲೂ ಒಂದೇ, ಅದೇ ಕೆಂಪು ಮರಳುಗಲ್ಲು, ನಮ್ಮ ಬಾದಾಮಿ ಬಂಡೆಯ ಬಣ್ಣದ್ದು. ಉದ್ದೇಶವೂ ಒಂದೇ ಇತ್ತು: ಗೆದ್ದ ನೆಲವನ್ನು ಕೈಬಿಡದೆ ಹಿಡಿದುಕೊಳ್ಳುವುದು. ಆಮೇಲೆ ಎರಡಕ್ಕೂ ಬೇರೆ ಬೇರೆ ಗತಿ ಆಯಿತು.

ಸ್ವಲ್ಪ ಚರಿತ್ರೆ ಹೇಳಿ ಮುಂದೆ ಹೋಗುತ್ತೇನೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದದ್ದು ನಿಮಗೆ ಗೊತ್ತು. ಆದರೆ ಈ ಗಡಿಯಲ್ಲಿ ಅದಕ್ಕೂ ಮೊದಲೇ ನಾರ್ಮನ್ನರು ಬಂದು ಕೂತಿದ್ದರು. ಎಡ್ವರ್ಡ್ ದೊರೆ ತನಗೆ ಬೇಕಾದ ಕೆಲವು ನಾರ್ಮನ್ ಸರದಾರರಿಗೆ ಇಲ್ಲಿ ನೆಲ ಕೊಟ್ಟಿದ್ದ. ಪರದೇಶಿಗಳು ಹೆರಿಫರ್ಡ್‌ಶೈರಿನಲ್ಲಿ ಕೋಟೆ ಕಟ್ಟಿಕೊಂಡು ಜನರಿಗೆ ಉಪದ್ರವ ಕೊಡುತ್ತಿದ್ದಾರೆಂದು ಆ ಕಾಲದ ಇಂಗ್ಲಿಷ್ ವೃತ್ತಾಂತ 1051ರ ಸುದ್ದಿಯಲ್ಲೇ ದೂರುತ್ತದೆ. ಯೂಯಸ್ ಹ್ಯಾರಲ್ಡ್ ಎಂಬ ಹಳ್ಳಿಯಲ್ಲಿರುವ ದಿಬ್ಬ ಆ ಮೊದಲ ಕೋಟೆಗಳ ಪೈಕಿಯದ್ದು. ಕಟ್ಟುವ ಕ್ರಮ ಸರಳ. ಸುತ್ತ ಅಗಳು ತೋಡು, ತೆಗೆದ ಮಣ್ಣನ್ನು ನಡುವೆ ಗುಡ್ಡೆ ಹಾಕು, ಮೇಲೆ ಮರದ ಅಟ್ಟಣೆ ಕಟ್ಟು, ಕೆಳಗೆ ಕುದುರೆ, ಕಣಜ, ಆಳುಗಳಿಗೆ ಬೇಲಿ ಹಾಕಿದ ಅಂಗಳ ಮಾಡು. ಎತ್ತು, ಗುದ್ದಲಿ, ಬಿಟ್ಟಿ ಆಳು ಇದ್ದರೆ ಕೆಲವು ವಾರಗಳಲ್ಲಿ ಎದ್ದು ನಿಲ್ಲುವ ಕೋಟೆ. ಕಲ್ಲಿನ ಕಟ್ಟಡ ಬಂದದ್ದು ಆಮೇಲೆ. ಈ ಗಡಿಯ ಒಡೆಯರನ್ನು ಮಾರ್ಚರ್ ಪ್ರಭುಗಳೆಂದು ಕರೆಯುತ್ತಿದ್ದರು. ದೊರೆಗೆ ನಿಷ್ಠೆ ಒಪ್ಪಿಕೊಂಡು ತಮ್ಮ ಸೀಮೆಯಲ್ಲಿ ತಾವೇ ದೊರೆಗಳಂತೆ ಆಳಿದವರು. ಪಾಳೆಯಗಾರರು ಎಂದರೆ ಈ ಸಭೆಗೆ ಬೇರೆ ವಿವರಣೆ ಬೇಡ.

ಪ್ರಯಾಣವನ್ನು ಕಿಲ್ಪೆಕ್‌ನಿಂದ ಶುರು ಮಾಡಿ. ಹೆರಿಫರ್ಡ್ ಪಟ್ಟಣದಿಂದ ನೈರುತ್ಯಕ್ಕೆ ಕಾಲು ಗಂಟೆಯ ದಾರಿ. ಕಾರು ನಿಲ್ಲಿಸಿ ಇಳಿದರೆ ಮುಂದೆ ಒಂದು ಪುಟ್ಟ ಚರ್ಚು, ಅದರ ಹಿಂದೆ ಮರ ಪೊದೆಗಳು ಬೆಳೆದ ಕೋಟೆ ದಿಬ್ಬ. ದಿಬ್ಬದ ನೆತ್ತಿಯಲ್ಲಿ ಗೋಡೆಯ ಎರಡು ತುಂಡು ಮಾತ್ರ ಉಳಿದಿವೆ, ಮುರಿದ ಹಲ್ಲಿನಂತೆ. ಒಂದು ಕಾಲಕ್ಕೆ ಜಾನ್ ದೊರೆ ಬಂದು ತಂಗಿದ ಕೋಟೆ ಅದು. ಚರ್ಚು ಮಾತ್ರ ಮೊನ್ನೆ ಕಟ್ಟಿದಂತಿದೆ. ಸುಮಾರು 1140ರಲ್ಲಿ ಕೋಟೆಯ ಒಡೆಯ ಹ್ಯೂ ಕಟ್ಟಿಸಿದ್ದು. ಒಂದು ಲೆಕ್ಕ ಇಟ್ಟುಕೊಳ್ಳಿ. ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅಂದರೆ ನಮ್ಮಲ್ಲಿ ಬಳಪದ ಕಲ್ಲಿಗೆ ಉಳಿ ತಾಗುತ್ತಿದ್ದ ದಿನಗಳಲ್ಲೇ ಅಲ್ಲಿ ಮರಳುಗಲ್ಲಿಗೆ ಉಳಿ ತಾಗುತ್ತಿತ್ತು. ಇವರಿಗೆ ಅವರ ಸುದ್ದಿಯಿಲ್ಲ, ಅವರಿಗೆ ಇವರ ಸುದ್ದಿಯಿಲ್ಲ.

ಅಮ್ಮ ಒಳಗೆ ಕಾಲಿಟ್ಟ ಕೂಡಲೇ ಕೈಯೆತ್ತಿ ತೋರಿಸಿದಳು: "ಇದು ನವರಂಗ, ಅದು ಸುಕನಾಸಿ, ಅಗೋ ಗರ್ಭಗುಡಿ." ನಾನು ಅಷ್ಟು ಸಲ ಹೋಗಿದ್ದರೂ ನನಗೆ ಹೊಳೆದಿರಲಿಲ್ಲ. ಜನ ನಿಲ್ಲುವ ಅಂಕಣ, ಪಾದ್ರಿ ನಿಲ್ಲುವ ಅಂಕಣ, ಕೊನೆಗೆ ಅರ್ಧ ಬಳೆಯಂತೆ ಬಾಗಿದ ಪೂಜಾಸ್ಥಳ. ಒಂದಕ್ಕಿಂತ ಒಂದು ಕಿರಿದು, ಒಂದಕ್ಕಿಂತ ಒಂದು ಕತ್ತಲು, ನಡುನಡುವೆ ಕೆತ್ತನೆಯ ಕಮಾನು. ಸಂಬಂಧ ಇದೆಯೆಂದು ಹೇಳುತ್ತಿಲ್ಲ. ದೇವರ ಹತ್ತಿರ ಹೋಗುತ್ತಾ ಹೋಗುತ್ತಾ ಜಾಗ ಚಿಕ್ಕದಾಗಬೇಕು ಎಂದು ಇಬ್ಬರಿಗೂ ಅನ್ನಿಸಿದೆ, ಅಷ್ಟೇ.

ಹೊರಗೆ ದಕ್ಷಿಣದ ಬಾಗಿಲ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಬಾಗಿಲ ನೆತ್ತಿಯ ಅರ್ಧಚಂದ್ರ ಕಲ್ಲಿನಲ್ಲಿ ದಪ್ಪ ಹಣ್ಣುಗೊಂಚಲು ಬಿಟ್ಟ ಒಂದು ಮರ. ಪಕ್ಕದ ಕಂಬಗಳಲ್ಲಿ ಒಂದರ ಬಾಲ ಇನ್ನೊಂದರ ಬಾಯಲ್ಲಿಟ್ಟುಕೊಂಡು ಇಳಿಯುವ ಹಾವುಗಳು. ಒಳಗಂಬದಲ್ಲಿ ಕುಲಾವಿ ತೊಟ್ಟು, ಉದ್ದ ಚಲ್ಲಣ ಹಾಕಿದ ಇಬ್ಬರು ಯೋಧರು ಬಳ್ಳಿಗಳ ನಡುವೆ ಸಿಕ್ಕಿಕೊಂಡಿದ್ದಾರೆ. ಅವರ ಚಲ್ಲಣದ ಗೆರೆಗಳು ಇಂದಿಗೂ ಬೆರಳಿಗೆ ಸಿಗುವಷ್ಟು ಚೂಪು. ಬಹಳ ಕಾಲ ಈ ಬಾಗಿಲಿಗೆ ಮರದ ಮೊಗಸಾಲೆಯೊಂದು ಅಡ್ಡವಿದ್ದು ಮಳೆಯಿಂದ ಕಾಪಾಡಿದೆ. ಮೇಲೆ ಸೂರಿನ ಕೆಳಗೆ ಸುತ್ತಲೂ ಚಾಚಿದ ಕಲ್ಲುಗಳು, ಈಗ 85 ಉಳಿದಿವೆ. ಒಂದೊಂದರಲ್ಲೂ ಒಂದೊಂದು ಮುಖ. ಪಿಟೀಲಿನಂಥ ವಾದ್ಯ ನುಡಿಸುವವನು, ಒಂದಕ್ಕೊಂದು ಅಂಟಿ ಕೂತ ನಾಯಿ ಮತ್ತು ಮೊಲ, ಹಕ್ಕಿ, ಹಂದಿ. ಪಡುವಣ ಗೋಡೆಯ ಮೂಲೆಗಳಿಂದ ಬಾಯಿ ತೆರೆದ ಪ್ರಾಣಿಗಳ ಮೂತಿ ಹೊರಚಾಚಿದೆ, ನಮ್ಮ ಗುಡಿಯ ಮಕರದ ಹಾಗೆ. ಆ ಸಾಲಿನಲ್ಲೇ ಒಬ್ಬ ಹೆಂಗಸಿನ ಮೂರ್ತಿ ಇದೆ, ಎರಡೂ ಕೈಯಿಂದ ತನ್ನ ಯೋನಿಯನ್ನು ಅಗಲಿಸಿ ತೋರುತ್ತಿರುವುದು. ಷೀಲಾ ನಾ ಗಿಗ್ ಎಂದು ಕರೆಯುತ್ತಾರೆ. ಅದನ್ನು ಯಾಕೆ ಚರ್ಚಿನ ಗೋಡೆಗೆ ಕೆತ್ತಿದರೆಂದು ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ. ಅಮ್ಮನನ್ನು ಅಲ್ಲಿಂದ ಬೇಗ ದಾಟಿಸೋಣವೆಂದು ನಾನು ನೋಡುತ್ತಿದ್ದರೆ ಅವಳು ನಿಂತು ಕೈಮುಗಿದಳು. "ಲಜ್ಜಾಗೌರಿ ಕಣಪ್ಪ," ಅಂದಳು. ಬಾದಾಮಿಯಲ್ಲಿ ನೋಡಿದ್ದಳಂತೆ.

ಬೇಲೂರಿನಲ್ಲಿ ದಾಸೋಜ ತನ್ನ ಹೆಸರನ್ನು ಶಿಲ್ಪದ ಕೆಳಗೆ ಬರೆದಿದ್ದಾನೆ, ಬಳ್ಳಿಗಾವೆಯವನು ಎಂದು ಊರನ್ನೂ ಹೇಳಿದ್ದಾನೆ. ಕಿಲ್ಪೆಕ್‌ನವರು ಹೆಸರು ಬಿಟ್ಟಿಲ್ಲ. ಅದೇ ಕೈಚಳಕ ಸುತ್ತಲಿನ ಹಲವು ಹಳ್ಳಿಗಳಲ್ಲಿ ಕಾಣುವುದರಿಂದ ಹೆರಿಫರ್ಡ್‌ಶೈರ್ ಶಿಲ್ಪಿಗಳ ತಂಡ ಎಂದಷ್ಟೇ ಕರೆಯುತ್ತಾರೆ. ಅವರನ್ನು ನೋಡಲು ಹತ್ತಿರದ ರೋಲ್‌ಸ್ಟನ್‌ಗೂ ಹೋಗಿ. ಅದು ಸಂತ ಪೀಟರನ ಚರ್ಚು. ಪೀಟರನನ್ನು ತಲೆಕೆಳಗಾಗಿ ಶಿಲುಬೆಗೆ ಏರಿಸಿದರೆಂಬ ನಂಬಿಕೆಯಿದೆಯಲ್ಲ, ಅದಕ್ಕೇ ಇರಬೇಕು, ಅಲ್ಲಿಯ ಕಮಾನಿನಲ್ಲಿ ಕೆಲವು ಮೂರ್ತಿಗಳನ್ನು ತಲೆಕೆಳಗಾಗಿಯೇ ಕೆತ್ತಿದ್ದಾರೆ.

ಕಿಲ್ಪೆಕ್ ಬಿಟ್ಟು ಪಶ್ಚಿಮಕ್ಕೆ ಹೋದರೆ ಗೋಲ್ಡನ್ ವ್ಯಾಲಿ, ಹೊನ್ನ ಕಣಿವೆ. ಹೆಸರಿನ ಹಿಂದೆ ಒಂದು ಕಿವಿಗೊಟ್ಟ ತಪ್ಪಿದೆ ಎನ್ನುತ್ತಾರೆ. ಅಲ್ಲಿ ಹರಿಯುವ ಹೊಳೆ ಡೋರ್. ವೆಲ್ಷ್ ಭಾಷೆಯಲ್ಲಿ ನೀರಿಗೆ ಡೂರ್ ಎನ್ನುತ್ತಾರೆ. ಫ್ರೆಂಚ್ ಮಾತಾಡುವ ನಾರ್ಮನ್ನರ ಕಿವಿಗೆ ಅದು 'ದೋರ್', ಚಿನ್ನದ್ದು, ಎಂದು ಕೇಳಿಸಿತು. ನೀರಿನ ಕಣಿವೆ ಹೊನ್ನಿನ ಕಣಿವೆಯಾಯಿತು. 1147ರಲ್ಲಿ ಸಿಸ್ಟರ್ಷಿಯನ್ ಸನ್ಯಾಸಿಗಳು ಇಲ್ಲಿ ಡೋರ್ ಮಠ ಕಟ್ಟಿದರು. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ ಮೇಲೆ ಅದು ದನದ ಕೊಟ್ಟಿಗೆಯಾಯಿತು. ಪೂಜೆಯ ದೊಡ್ಡ ಚಪ್ಪಡಿಗಲ್ಲು ರೈತನೊಬ್ಬನ ಮನೆಯಲ್ಲಿ ಮಾಂಸಕ್ಕೆ ಉಪ್ಪು ಹಾಕಲು, ಗಿಣ್ಣು ಒತ್ತಲು ಬಳಕೆಯಾಗುತ್ತಿತ್ತಂತೆ. 1630ರ ದಶಕದಲ್ಲಿ ಸ್ಕುಡಮೋರ್ ಪ್ರಭು ಅದನ್ನು ಹುಡುಕಿಸಿ ತಂದು, ಮಠದ ಒಂದು ಭಾಗಕ್ಕೆ ಹೊಸ ಸೂರು ಹೊದಿಸಿ ಮತ್ತೆ ಪೂಜೆ ಶುರು ಮಾಡಿಸಿದ. ಆ ಚಪ್ಪಡಿ ಈಗಲೂ ಅಲ್ಲಿದೆ.

ಕಣಿವೆಯ ಮೇಲ್ಬದಿಯಲ್ಲಿ ಯುರಿಶೇ. ಅಲ್ಲಿ ಊರೇ ಇಲ್ಲ. ದಿಬ್ಬ, ದಿಬ್ಬದ ಮೇಲೆ ಸೂರು ಹೋದ ದೊಡ್ಡ ಮನೆಯ ಪಾಳುಗೋಡೆ, ಪಕ್ಕದಲ್ಲಿ 12ನೇ ಶತಮಾನದ ಒಂದು ಚಾಪೆಲ್. ಚರ್ಚು ಊರಿನದ್ದು, ಚಾಪೆಲ್ ಎಂದರೆ ಹೀಗೆ ಕೋಟೆಯವರಿಗೋ, ದೂರದ ಕೇರಿಯವರಿಗೋ ಕಟ್ಟಿದ ಸಣ್ಣ ಗುಡಿ. ಯಾರೂ ಪ್ರಾರ್ಥನೆಗೆ ಬರದೆ ಬಿಟ್ಟುಹೋದ ಇಂಥ ಗುಡಿಗಳನ್ನು ನೋಡಿಕೊಳ್ಳಲೆಂದೇ 1957ರಲ್ಲಿ ಐವರ್ ಬುಲ್ಮರ್-ಥಾಮಸ್ ಎಂಬವರು ಒಂದು ಸಂಘ ಕಟ್ಟಿದರು. ಹೆಸರು 'ಫ್ರೆಂಡ್ಸ್ ಆಫ್ ಫ್ರೆಂಡ್‌ಲೆಸ್ ಚರ್ಚಸ್'. ಗೆಳೆಯರಿಲ್ಲದ ಚರ್ಚುಗಳ ಗೆಳೆಯರು. ಈಗ ಅವರ ಕೈಯಲ್ಲಿ 60ಕ್ಕೂ ಹೆಚ್ಚು ಇವೆ, ಯುರಿಶೇ ಅವುಗಳಲ್ಲಿ ಒಂದು. ಒಳಗೆ ಒದ್ದೆ ಸುಣ್ಣದ ವಾಸನೆ, ಬರೀ ನೆಲ, ಕಲ್ಲಿನ ಪೂಜಾಪೀಠ. ಅಷ್ಟೇ ಇರುವುದು. ನಾನು ಆ ಕಡೆ ಹೋದಾಗಲೆಲ್ಲ ಐದು ನಿಮಿಷವಾದರೂ ಕೂತು ಬರುತ್ತೇನೆ.

ಅಲ್ಲಿಂದ ಮೈಕಲ್‌ಚರ್ಚ್ ಎಸ್ಕ್ಲಿ. ಉತ್ತರದ ಗೋಡೆಯ ಮೇಲೆ ಆಳೆತ್ತರದ ಹಳೆಯ ಚಿತ್ರ. ಗಾಯಗಳ ಏಸು ನಿಂತಿದ್ದಾನೆ. ಅವನ ಸುತ್ತ ಏನಿವೆ ಅಂತೀರಿ? ಕತ್ತರಿ, ಕೊಡಲಿ, ಕುಡುಗೋಲು, ನೇಗಿಲ ಸಾಮಾನು, ದಿನಬಳಕೆಯ ಹತ್ಯಾರುಗಳು. ಬಹಳ ದಿನ ಇದನ್ನು 'ಕಸುಬುಗಳ ಕ್ರಿಸ್ತ' ಎಂದು ಓದಿದರು, ದೇವರು ದುಡಿಮೆಯನ್ನು ಹರಸುತ್ತಿದ್ದಾನೆ ಎಂದು. ಈಗಿನವರ ಓದು ಬೇರೆ. ಭಾನುವಾರ ಬಿಡುವು ಕೊಡದೆ ಹತ್ಯಾರು ಹಿಡಿದರೆ ಅದು ದೇವರ ಮೈಗೇ ತಾಗುತ್ತದೆ ಎಂಬ ಎಚ್ಚರಿಕೆ ಅದು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ನಮ್ಮಪ್ಪ ಆಯುಧಪೂಜೆಯ ದಿನ ಸ್ಪ್ಯಾನರಿಗೆ ಕುಂಕುಮ ಇಟ್ಟರೆ ಮಾರನೆಯ ದಿನ ಪೂಜೆ ಮುಗಿಯುವವರೆಗೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹತ್ಯಾರಿಗೂ ಒಂದು ರಜೆ ಬೇಕು ಎನ್ನುವುದು ಹಳೆಯ ತಿಳಿವಳಿಕೆ. ಬಣ್ಣ ಮಸುಕಾಗಿದೆ, ಕತ್ತರಿ ಮಾತ್ರ ಈಗಲೂ ಎದ್ದು ಕಾಣುತ್ತದೆ.

ಎರಡನೆಯ ದಿನ ಕೋಟೆಗಳದ್ದು. ಮನ್ನೋ ಎಂಬ ಹೊಳೆಯ ಸೀಮೆಯಲ್ಲಿ ಮೂರು ಕೋಟೆಗಳು, ಗ್ರಾಸ್‌ಮಾಂಟ್, ಸ್ಕೆನ್‌ಫ್ರಿತ್, ವೈಟ್ ಕ್ಯಾಸಲ್. ಹೆರಿಫರ್ಡಿನಿಂದ ವೇಲ್ಸಿಗೆ ಹೋಗುವ ದಾರಿಯನ್ನು ಕಾಯಲು ಕಟ್ಟಿದವು. ಒಂದರಿಂದ ಒಂದಕ್ಕೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. 1201ರಲ್ಲಿ ಜಾನ್ ದೊರೆ ಈ ಮೂರನ್ನೂ ಒಬ್ಬನಿಗೆ ಕೊಟ್ಟ. ಅವನ ಹೆಸರು ಹ್ಯೂಬರ್ಟ್ ಡಿ ಬರ್ಗ್. ಆಮೇಲೆ ಇಂಗ್ಲೆಂಡಿನ ಮುಖ್ಯಾಧಿಕಾರಿಯಾದವನು. ನಡುವೆ ಫ್ರಾನ್ಸಿನಲ್ಲಿ ಸೆರೆ ಸಿಕ್ಕ, ಕೋಟೆಗಳು ವಿಲಿಯಂ ಡಿ ಬ್ರಯೋಸ್ ಎಂಬವನ ಪಾಲಾದವು. 1219ರಲ್ಲಿ ಮರಳಿ ಪಡೆದ, 1232ರಲ್ಲಿ ಅಧಿಕಾರವೂ ಕೋಟೆಗಳೂ ಕೈತಪ್ಪಿದವು. ನಮ್ಮ ನಾಯಕರ ಕಾಲದ ದಳವಾಯಿಗಳ ಕಥೆ ನೆನಪಾಗುತ್ತದೆ, ಏರಿದ್ದಷ್ಟೇ ಬೇಗ ಇಳಿದದ್ದು.

ಸ್ಕೆನ್‌ಫ್ರಿತ್ ನನಗೆ ಎಲ್ಲಕ್ಕಿಂತ ಪ್ರಿಯ. ಹೊಳೆಯ ದಡದಲ್ಲಿ ಚೌಕಾಕಾರದ ಕೋಟೆ, ಮೂಲೆಗೊಂದು ದುಂಡು ಬುರುಜು, ನಡುವೆ ದುಂಡನೆಯ ದೊಡ್ಡ ಬತೇರಿ. ಚೌಕ ಗೋಪುರದ ಮೂಲೆಗೆ ಸುರಂಗ ತೋಡಿ ಕೆಡವುವುದು ಸುಲಭ, ಮೂಲೆಗಲ್ಲು ಜಾರಿದರೆ ಎರಡು ಗೋಡೆಯೂ ಹೋಗುತ್ತವೆ. ದುಂಡು ಗೋಪುರಕ್ಕೆ ಹಿಡಿಯಲು ಮೂಲೆಯೇ ಇಲ್ಲ. ಫ್ರಾನ್ಸಿನಲ್ಲಿ ಕಂಡ ಹೊಸ ವಿದ್ಯೆಯನ್ನು ಹ್ಯೂಬರ್ಟ್ ಇಲ್ಲಿಗೆ ತಂದ. ಕೋಟೆಯೊಳಗೆ ಈಗ ಕತ್ತರಿಸಿದ ಹುಲ್ಲು, ಚೆಂಡಾಡುವ ಊರ ಮಕ್ಕಳು. ಬಾಗಿಲಿಲ್ಲ, ಟಿಕೆಟ್ಟಿಲ್ಲ. ನೋಡಿಕೊಳ್ಳುವುದು ವೇಲ್ಸ್ ಸರ್ಕಾರದ ಇಲಾಖೆ. ಅದರ ಹೆಸರು ಕಾಡೂ. ವೆಲ್ಷ್‌ನಲ್ಲಿ ಕಾಪಾಡು, ಇಟ್ಟುಕೊ ಎಂದು ಅರ್ಥ. ನಮ್ಮ 'ಕಾಯು'ವಿನ ಪಕ್ಕ ಇಟ್ಟು ಕೇಳಿದರೆ ಕಿವಿಗೆ ಹಿತ, ನಂಟೇನೂ ಇಲ್ಲ. ಕೋಟೆಯ ಹಿಂದಿನ ಬೀದಿಯಲ್ಲಿ ಸಂತ ಬ್ರಿಜೆಟ್ಟಳ ಚರ್ಚು, ಕುಳ್ಳು ಗೋಪುರ, ಅದರ ನೆತ್ತಿಗೆ ಪಾರಿವಾಳದ ಗೂಡಿನಂಥ ಮರದ ಟೊಪ್ಪಿಗೆ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ 15ನೇ ಶತಮಾನದ ಪಾದ್ರಿಯ ಮೇಲುವಸ್ತ್ರ, ಮಖಮಲ್ಲಿನ ಮೇಲೆ ಕಸೂತಿ. ಪಕ್ಕದಲ್ಲೇ 1557ರಲ್ಲಿ ತೀರಿಕೊಂಡ ಜಾನ್ ಮಾರ್ಗನ್ನನ ಸಮಾಧಿ. ಮೂರು ಕೋಟೆಗಳ ಕೊನೆಯ ಅಧಿಪತಿ ಅವನು. ಕೋಟೆಯ ಕೊನೆಯ ಒಡೆಯ ಸಿಗಬೇಕಾದರೆ ಗುಡಿಯೊಳಗೇ ಹುಡುಕಬೇಕು.

ಗ್ರಾಸ್‌ಮಾಂಟ್ ಎಂದರೆ ಫ್ರೆಂಚಿನಲ್ಲಿ ದೊಡ್ಡ ಗುಡ್ಡ. 1233ರ ನವೆಂಬರಿನಲ್ಲಿ ಮೂರನೇ ಹೆನ್ರಿಯ ಸೇನೆ ಕೋಟೆಯ ಹೊರಗೆ ಬೀಡುಬಿಟ್ಟು ಮಲಗಿದ್ದಾಗ ಬಂಡಾಯದವರು ರಾತ್ರಿ ಮೇಲೆ ಬಿದ್ದು ಕುದುರೆ, ಸಾಮಾನು ಎಲ್ಲ ಹೊತ್ತುಕೊಂಡು ಹೋದರು. ಈಗ ಅಲ್ಲಿ ನೆನಪಲ್ಲಿ ಉಳಿಯುವುದು ಒಂದು ಹೊಗೆಗೂಡು. 14ನೇ ಶತಮಾನದ್ದು, ತೆಳ್ಳಗೆ ಎತ್ತರಕ್ಕೆ, ಸೂರೂ ಒಲೆಯೂ ಇಲ್ಲದೆ ಒಂಟಿಯಾಗಿ ನಿಂತಿದೆ. ವೈಟ್ ಕ್ಯಾಸಲ್ಲಿನ ಕಂದಕದಲ್ಲಿ ಈಗಲೂ ನೀರಿದೆ. ಗೋಡೆಗೆ ಬಿಳಿ ಗಾರೆ ಬಳಿದಿದ್ದರಿಂದ ಆ ಹೆಸರು, ಅಲ್ಲಲ್ಲಿ ಒಂದೊಂದು ಚಕ್ಕೆ ಉಳಿದಿದೆ. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಬಂಟ ರುಡಾಲ್ಫ್ ಹೆಸ್‌ನನ್ನು 1942ರಿಂದ 1945ರವರೆಗೆ ಹತ್ತಿರದ ಅಬರ್‌ಗವೆನಿಯಲ್ಲಿ ಸೆರೆಯಿಟ್ಟಿದ್ದರು. ಕಾವಲಿನಲ್ಲಿ ಅವನನ್ನು ಗಾಳಿ ಸೇವನೆಗೆ ಕರೆತರುತ್ತಿದ್ದದ್ದು ಈ ಕೋಟೆಗೆ.

ದಾರಿಯಲ್ಲಿ ಗಾರ್ವೆ ಬಿಡಬೇಡಿ. ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳು ಜೆರೂಸಲೇಮಿನ ಗುಡಿಯನ್ನು ನೆನೆದು ಇಲ್ಲಿ ದುಂಡನೆಯ ಚರ್ಚು ಕಟ್ಟಿದ್ದರು. ಅದರ ಬುನಾದಿ 1927ರ ಉತ್ಖನನದಲ್ಲಿ ಸಿಕ್ಕಿತು. ಪಕ್ಕದ ಹೊಲಮನೆಯಲ್ಲಿ 1326ರ ಪಾರಿವಾಳದ ಮನೆ, ಒಳಗೋಡೆಯಲ್ಲಿ 666 ಗೂಡುಗಳು. ಅದು ಖಾಸಗಿ ಜಾಗ, ಕೇಳಿಯೇ ಹೋಗಬೇಕು.

ಈಗ ಬೆಟ್ಟದ ಬುಡಕ್ಕೆ. ಲಾಂಗ್‌ಟೌನ್‌ನಲ್ಲಿ ಡಿ ಲೇಸಿ ವಂಶದವರ ದುಂಡು ಬತೇರಿ ಇದೆ, ಅದರ ಕೆಳಗೆ ಒಂದೇ ಬೀದಿಯ ಉದ್ದನೆಯ ಊರು. ಆದರೆ ನಾನು ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಅದರ ಪಕ್ಕದ ಕ್ಲಾಡಾಕ್‌ಗೆ. ನಾರ್ಮನ್ನರು ಬರುವುದಕ್ಕೆ ಎಷ್ಟೋ ಶತಮಾನ ಮೊದಲು ಇಲ್ಲಿ ಕ್ಲಿಡಾಗ್ ಎಂಬ ಪುಟ್ಟ ವೆಲ್ಷ್ ರಾಜನಿದ್ದ. ಒಬ್ಬಳು ಸಿರಿವಂತರ ಮಗಳು ಅವನನ್ನೇ ಮದುವೆಯಾಗುವೆನೆಂದಳು. ಅದನ್ನು ಸಹಿಸದವನೊಬ್ಬ ಬೇಟೆಯ ಹೊತ್ತಿನಲ್ಲಿ ಅವನನ್ನು ಕೊಂದ. ಹೆಣವನ್ನು ಎತ್ತಿನ ಗಾಡಿಯಲ್ಲಿಟ್ಟು ಹೊರಟರು. ಮನ್ನೋ ಹೊಳೆಯ ದಡಕ್ಕೆ ಬಂದಾಗ ನೊಗ ಮುರಿಯಿತು. ಎತ್ತುಗಳು ಮುಂದೆ ಹೆಜ್ಜೆ ಇಡಲಿಲ್ಲ. ಅಲ್ಲೇ ಹೂತರು, ಅಲ್ಲೇ ಗುಡಿ ಕಟ್ಟಿದರು. ಇದು 12ನೇ ಶತಮಾನದ ಲ್ಯಾಂಡಾಫ್ ಗ್ರಂಥದಲ್ಲಿರುವ ಕಥೆ. ಬಂಡಿ ನಿಂತಲ್ಲಿ ದೇವರು ನೆಲೆಸಿದ ಕಥೆಯಿಲ್ಲದ ತಾಲೂಕು ನಮ್ಮಲ್ಲಿ ಯಾವುದಿದೆ ಹೇಳಿ. ಕೋಟೆಯ ಜಾಗವನ್ನು ದಂಡನಾಯಕ ಆರಿಸುತ್ತಾನೆ, ಎತ್ತರ ನೋಡಿ, ನೀರು ನೋಡಿ. ಗುಡಿಯ ಜಾಗವನ್ನು ಎತ್ತುಗಳು ಆರಿಸುತ್ತವೆ. ನಾರ್ಮನ್ನರು ಬಂದು ತಮ್ಮ ಕೋಟೆ ಕಟ್ಟಿದರೂ ಕ್ಲಿಡಾಗ್‌ನ ಗುಡಿಯನ್ನು ಕದಲಿಸಲಿಲ್ಲ, ತಾವೇ ಕಲ್ಲಿನಲ್ಲಿ ಮತ್ತೆ ಕಟ್ಟಿಸಿದರು.

ನೊಗದ ಮಾತು ಇನ್ನೊಂದಿದೆ. ಬೆಟ್ಟದಾಚೆಯ ಕಣಿವೆಯಲ್ಲಿ ಕೂಮ್‌ಯೋಯ್ ಎಂಬ ಹಳ್ಳಿ. ಹೆಸರಿನ ಅರ್ಥವೇ ನೊಗದ ಕಣಿವೆ, ಹಿಂದಿನ ಗುಡ್ಡ ನೊಗದ ಹಾಗೆ ಬಾಗಿದೆ. ಆ ಗುಡ್ಡ ಜಾರುವ ಗುಡ್ಡ. ಅದರ ಮೇಲೆ ಸಂತ ಮಾರ್ಟಿನ್ನನ ಚರ್ಚು. ಎಂಜಿನಿಯರ್ ಆಗಿ ಹೇಳುತ್ತೇನೆ, ಇಂಥ ಕಟ್ಟಡವನ್ನು ನಾನು ಬೇರೆಲ್ಲೂ ನೋಡಿಲ್ಲ. ಗೋಪುರ ಐದು ಡಿಗ್ರಿಗೂ ಹೆಚ್ಚು ಒಂದು ಕಡೆ ವಾಲಿದೆ. ಪೀಸಾದ ಗೋಪುರದ ವಾಲು ಈಗ ನಾಲ್ಕರ ಒಳಗೆ. ಗೋಪುರ ಒಂದು ಕಡೆ ವಾಲಿದರೆ ಪೂಜೆಯ ಭಾಗ ಇನ್ನೊಂದು ಕಡೆಗೆ ತಿರುಚಿದೆ. ಒಳಗೆ ನಿಂತರೆ ಕಿಟಕಿ, ಕಮಾನು, ಗೋಡೆ ಯಾವುದೂ ಒಂದಕ್ಕೊಂದು ಲಂಬವಿಲ್ಲ, ಹಡಗಿನಲ್ಲಿ ನಿಂತ ಹಾಗೆ. ಸಿಮೆಂಟಿನಲ್ಲಿ ಕಟ್ಟಿದ್ದರೆ ಎಂದೋ ಬಿರುಕು ಬಿಟ್ಟು ಕೂತುಬಿಡುತ್ತಿತ್ತು. ಸುಣ್ಣದ ಗಾರೆ ಮೆತ್ತಗೆ. ನೆಲ ಒಂದು ಕೂದಲೆಳೆ ಸರಿದರೆ ಗಾರೆಯೂ ಸರಿದು ಕಲ್ಲುಗಳಿಗೆ ಜಾಗ ಮಾಡಿಕೊಡುತ್ತದೆ. ಜೊತೆಗೆ ಪ್ರತಿ ತಲೆಮಾರೂ ಒಂದೊಂದು ಊರೆ ಕೊಟ್ಟಿದೆ: ದಪ್ಪನೆಯ ಆನಿಕೆಗೋಡೆ, ಕಬ್ಬಿಣದ ಪಟ್ಟಿ. ಯಾರೂ ಅದನ್ನು ನೆಟ್ಟಗೆ ಮಾಡಲು ಹೋಗಿಲ್ಲ. ಬೀಳದಂತೆ ನೋಡಿಕೊಂಡಿದ್ದಾರೆ. ನನ್ನ ಕಸುಬಿನಲ್ಲಿ ನಾನು ಕಲಿತ ಅತ್ಯಂತ ದೊಡ್ಡ ಪಾಠದ ಮನೆ ಅದು. ಅಲ್ಲಿಂದ ಬಂದ ಮೇಲೆ ಹಳೆಯ ಸೇತುವೆಯೊಂದಕ್ಕೆ ಸಿಮೆಂಟು ಮೆತ್ತಿ ಅಂದಿದ್ದವರ ಜೊತೆ ಎರಡು ತಿಂಗಳು ವಾದ ಮಾಡಿದ್ದೇನೆ.

ಇದೇ ಬೆಟ್ಟಗಳ ಇನ್ನೊಂದು ಮಡಿಲಲ್ಲಿ ಪಾರ್ಟ್ರಿಶೋ. ರಸ್ತೆ ಏರುತ್ತಾ ಏರುತ್ತಾ ಬೇಲಿಯೇ ಕಾರಿಗೆ ಉಜ್ಜುತ್ತದೆ. ಇಸ್ಸುಯಿ ಎಂಬ ತಪಸ್ವಿ ಇಲ್ಲಿಯ ಒರತೆಯ ಬಳಿ ಗುಡಿಸಲು ಹಾಕಿಕೊಂಡಿದ್ದ, ತಾನು ಆಶ್ರಯ ಕೊಟ್ಟ ದಾರಿಹೋಕನೇ ಅವನನ್ನು ಕೊಂದ ಎಂದು ಕಥೆ. ಒರತೆಯ ನೀರಿನಿಂದ ಕುಷ್ಠ ವಾಸಿಯಾದ ಯಾತ್ರಿಕನೊಬ್ಬ ಬಿಟ್ಟುಹೋದ ಚಿನ್ನದಿಂದ ಗುಡಿ ಎದ್ದಿತಂತೆ. ಒರತೆ ಈಗಲೂ ಇದೆ, ಕೆಳಗೆ ತೊರೆಯ ಪಕ್ಕ. ಕಲ್ಲಿನ ಸಂದಿಯಲ್ಲಿ ನಾಣ್ಯಗಳು, ಮೇಲಿನ ಕೊಂಬೆಗಳಿಗೆ ಬಣ್ಣದ ಬಟ್ಟೆಚೂರುಗಳು. ಅಮ್ಮನಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ಕೊಂಬೆಗೆ ಕಟ್ಟಿ, ನೀರನ್ನು ತಲೆಗೆ ಚಿಮುಕಿಸಿಕೊಂಡಳು.

ಗುಡಿಯೊಳಗೆ ಸುಮಾರು 1500ರ ಕಾಲದ ಓಕ್ ಮರದ ಅಡ್ಡತೆರೆ. ಜನರ ಅಂಕಣಕ್ಕೂ ಪೂಜೆಯ ಅಂಕಣಕ್ಕೂ ನಡುವೆ ನಿಲ್ಲಿಸಿದ ಜಾಲಂದ್ರ, ಬಣ್ಣ ಹಚ್ಚದ ಬರೀ ಮರ, ಕಸೂತಿಯಷ್ಟು ಸಣ್ಣ ಕೆತ್ತನೆ. ತೊಲೆಯ ತುದಿಯಲ್ಲಿ ಒಂದು ಯಾಳಿಯಂಥ ಪ್ರಾಣಿ, ಅದರ ಬಾಯಿಂದ ಬಳ್ಳಿ ತೊಲೆಯುದ್ದಕ್ಕೂ ಹರಿದಿದೆ. 16ನೇ ಶತಮಾನದಲ್ಲಿ ಇಂಥ ತೆರೆಗಳ ಮೇಲಿನ ಅಟ್ಟಗಳನ್ನೂ ಕಲ್ಲಿನ ಪೂಜಾಪೀಠಗಳನ್ನೂ ಒಡೆದು ತೆಗೆಯಬೇಕೆಂದು ದೇಶದ ತುಂಬ ಆಜ್ಞೆ ಹೋಯಿತು. ಇಲ್ಲಿ ಎರಡೂ ಉಳಿದಿವೆ. ಈ ದಾರಿಯಲ್ಲಿ ಕಾರು ಹತ್ತಿಸಿದವರಿಗೆ ಕಾರಣ ತಾನಾಗಿ ತಿಳಿಯುತ್ತದೆ. ಹಿಂಗೋಡೆಯ ಮೇಲೆ ಕೆಂಗಾವಿ ಬಣ್ಣದ ಅಸ್ಥಿಪಂಜರ, ಕೈಯಲ್ಲಿ ಕುಡುಗೋಲು, ಮರಳಿನ ಗಡಿಯಾರ, ಸನಿಕೆ. ಎಷ್ಟು ಸಲ ಸುಣ್ಣ ಬಳಿದರೂ ಅದು ಮತ್ತೆ ಮೂಡಿ ಬರುತ್ತದೆಂದು ಊರವರು ಹೇಳುತ್ತಾರೆ.

ಲ್ಯಾಂಥನಿ ಮಠದ ಪಾಳು ಕಮಾನುಗಳ ನಡುವೆ ಬುತ್ತಿ ಬಿಚ್ಚಿ, ಗಡಿಯ ಚಾಪೆಲ್ ಎಂಬ ಅರ್ಥದ ಕಾಪೆಲ್-ಅ-ಫಿನ್ ದಾಟಿ, 549 ಮೀಟರ್ ಎತ್ತರದ ಗಾಸ್ಪೆಲ್ ಪಾಸ್ ಏರಿ ಆಚೆ ಇಳಿದರೆ ಹೇ ಪಟ್ಟಣ. ಪುಸ್ತಕದಂಗಡಿಗಳಿಂದ ಹೆಸರಾದದ್ದು. ಅಲ್ಲಿಯ ಕೋಟೆ ದುರಸ್ತಿಯಾಗಿ 2022ರಲ್ಲಿ ಜನರಿಗೆ ತೆರೆಯಿತು. ನಾನು ಹೇಳಬೇಕಾದದ್ದು ಮಾಡ್ ಎಂಬ ಹೆಂಗಸಿನ ಕಥೆ. ಮೂರು ಕೋಟೆಗಳು ಕೆಲಕಾಲ ವಿಲಿಯಂ ಡಿ ಬ್ರಯೋಸ್‌ನ ಪಾಲಾಗಿದ್ದವು ಅಂದೆನಲ್ಲ, ಅವನ ಹೆಂಡತಿ. ಊರ ಜನರ ಬಾಯಲ್ಲಿ ಅವಳು ರಾಕ್ಷಸಿಯಂಥ ಗಾತ್ರದವಳು, ಮಡಿಲಲ್ಲಿ ಕಲ್ಲು ಹೊತ್ತು ಒಂದೇ ರಾತ್ರಿಯಲ್ಲಿ ಹೇ ಕೋಟೆ ಕಟ್ಟಿದಳು. ಕೆರಕ್ಕೆ ಬಿದ್ದ ಒಂದು ಕಲ್ಲನ್ನು ತೆಗೆದು ಎಸೆದಳು, ಅದು ವೈ ನದಿಯಾಚೆಯ ಲೋಸ್ ಹಳ್ಳಿಯ ಚರ್ಚಿನ ಅಂಗಳಕ್ಕೆ ಹೋಗಿ ಬಿತ್ತು. ಚರಿತ್ರೆಯ ಮಾಡ್‌ಳ ಕಥೆ ಬೇರೆ. ಜಾನ್ ದೊರೆ ತನ್ನ ಸ್ವಂತ ಅಣ್ಣನ ಮಗ ಆರ್ಥರನನ್ನು ಕೊಲ್ಲಿಸಿದ್ದಾನೆಂಬ ಮಾತನ್ನು ಅವಳು ದೊರೆಯ ಆಳುಗಳ ಮುಂದೆಯೇ ಬಾಯಿಬಿಟ್ಟು ಹೇಳಿದಳು. 1210ರಲ್ಲಿ ದೊರೆ ಅವಳನ್ನೂ ಅವಳ ಹಿರಿಮಗನನ್ನೂ ಸೆರೆಮನೆಯಲ್ಲಿ ಅನ್ನ ಕೊಡದೆ ಕೊಂದ. ಅವಳ ಸಮಾಧಿ ಎಲ್ಲಿಯೂ ಇಲ್ಲ. ಜನ ಅವಳಿಗೆ ಒಂದು ಕಲ್ಲು ಕೊಟ್ಟಿದ್ದಾರೆ, ಅದೂ ಗುಡಿಯಂಗಳದಲ್ಲಿ. ಆ ಕಲ್ಲನ್ನು ಈಗ ಲೋಸ್ ಚರ್ಚಿನ ಒಳಗೇ ಇಟ್ಟಿದ್ದಾರೆ.

ನಮ್ಮ ದುರ್ಗದಲ್ಲಿ ನಾಯಕರು ಹೋಗಿ ಎರಡೂವರೆ ಶತಮಾನವಾಗುತ್ತ ಬಂತು. ಕೋಟೆಗೆ ಟಿಕೆಟ್ ಕೊಡುವವರು ಪುರಾತತ್ತ್ವ ಇಲಾಖೆಯವರು. ಏಕನಾಥಮ್ಮನಿಗೆ ಮಾತ್ರ ದೀಪ ಹಚ್ಚುವವರು ನೀವೇ, ಜಾತ್ರೆಗೆ ಸೇರುವವರು ನೀವೇ. ಅಲ್ಲಿಯೂ ಹಾಗೆಯೇ ನಡೆದುಬಂದಿದೆ. ಕೋಟೆಯ ಹುಲ್ಲು ಕತ್ತರಿಸಲು ಸರ್ಕಾರದ ಆಳು ಬರುತ್ತಾನೆ. ಗುಡಿಯ ಸೂರು ಸೋರಿದರೆ ಊರಿನವರೇ ಕೇಕು ಮಾರಿ, ಚಹಾ ಮಾರಿ ದುಡ್ಡು ಕೂಡಿಸಬೇಕು. ಊರಿನಲ್ಲಿ ಮನೆಗಳೇ ಕಡಿಮೆ, ಇರುವವರಿಗೆ ವಯಸ್ಸಾಗಿದೆ. ಭಾನುವಾರದ ಪ್ರಾರ್ಥನೆ ಹಲವು ಕಡೆ ತಿಂಗಳಿಗೊಮ್ಮೆಗೆ ಇಳಿದಿದೆ. ಆದರೂ ಹೆಚ್ಚಿನವುಗಳ ಬಾಗಿಲು ಹಗಲಿಡೀ ತೆರೆದಿರುತ್ತದೆ. ಹೊಸಬರು ಬಂದರೆ ಸಂದರ್ಶಕರ ಪುಸ್ತಕ, ಪೆನ್ನು, ಕೆಲವು ಕಡೆ ಚಹಾದ ಸಾಮಾನೂ ಇಟ್ಟಿರುತ್ತಾರೆ. ನೀವು ಹೋದರೆ ಪುಸ್ತಕದಲ್ಲಿ ಕನ್ನಡದಲ್ಲಿ ನಿಮ್ಮ ಊರು ಬರೆಯಿರಿ, ಡಬ್ಬಿಗೆ ಒಂದೆರಡು ಪೌಂಡ್ ಹಾಕಿ, ಬರುವಾಗ ಬಾಗಿಲು ಎಳೆದುಕೊಳ್ಳಿ. ಬಾಗಿಲು ತೆರೆದಿಟ್ಟರೆ ಹಕ್ಕಿ ಒಳಗೆ ಸೇರಿಕೊಂಡು ನೀರಿಲ್ಲದೆ ಸಾಯುತ್ತದೆ.

ಅಮ್ಮನ ಜೊತೆ ಹೋದದ್ದು ಸೆಪ್ಟೆಂಬರಿನ ಕೊನೆ, ಅಲ್ಲಿ ಸುಗ್ಗಿ ಹಬ್ಬದ ಕಾಲ. ಮೂರನೆಯ ದಿನ ವಾಪಸು ಬರುವಾಗ ಒಂದು ಸಣ್ಣ ಚಾಪೆಲ್‌ನ ಮುಂದೆ ನಿಲ್ಲಿಸಿದೆವು. ಇಬ್ಬರು ಮುದುಕಿಯರು ಹಬ್ಬಕ್ಕೆ ಸಿಂಗಾರ ಮಾಡುತ್ತಿದ್ದರು. ಕಿಟಕಿಯ ಕಟ್ಟೆಗಳ ಮೇಲೆ ಸೇಬು, ಈರುಳ್ಳಿ, ಗೋಧಿ ತೆನೆ, ಒಂದು ದೊಡ್ಡ ರೊಟ್ಟಿ. ಕುಂಬಳಕಾಯಿ ಭಾರವಾಗಿ ಅವರಿಗೆ ಎತ್ತಲಾಗುತ್ತಿರಲಿಲ್ಲ. ಅಮ್ಮ ಸೀದಾ ಹೋಗಿ ಸೊಂಟಕ್ಕೆ ಏರಿಸಿಕೊಂಡು, ಎಲ್ಲಿಡಲಿ ಎಂದು ಕಣ್ಣಲ್ಲೇ ಕೇಳಿದಳು. ಅವರು ಪೂಜಾಪೀಠದ ಮೆಟ್ಟಿಲು ತೋರಿಸಿದರು. ಇಟ್ಟು ಬಂದವಳು ನನಗೆ ಹೇಳಿದಳು: "ದಿನಾ ಇಲ್ಲಿ ಕಸ ಯಾರು ಹೊಡೀತಾರೆ ಕೇಳು."

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಒಬ್ಬಾಕೆ ಬಾಗಿಲ ಪಕ್ಕದ ಹಲಗೆಗೆ ಚುಚ್ಚಿದ ಕಾಗದ ತೋರಿಸಿದರು. ವಾರವಾರಕ್ಕೆ ಒಂದೊಂದು ಹೆಸರು, ಬೇರೆ ಬೇರೆ ಕೈಬರಹದಲ್ಲಿ. ಅವೇ ನಾಲ್ಕು ಹೆಸರು ಮತ್ತೆ ಮತ್ತೆ ಬಂದಿದ್ದವು. ಒಂದು ಸಾಲು ಖಾಲಿಯಿತ್ತು.

"ಈ ವಾರ ಯಾರೂ ಇಲ್ವಾ?" ಅಂದಳು ಅಮ್ಮ.

ಉತ್ತರಕ್ಕೆ ಕಾಯಲಿಲ್ಲ. ಬಾಗಿಲ ಹಿಂದೆ ಒರಗಿಸಿದ್ದ ಪೊರಕೆ ಅವಳಿಗೆ ಆಗಲೇ ಕಂಡಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗಿನ ಮೂಲೆಯಿಂದ ಶುರು ಮಾಡಿ ಹೊಸ್ತಿಲವರೆಗೂ ಗುಡಿಸಿ, ಒಣ ಎಲೆಗಳನ್ನು ಯೂ ಮರದ ಬುಡಕ್ಕೆ ಹಾಕಿ ಬಂದಳು.